ಉಳಿತಾಯ ಖಾತೆಗೆ ಎಷ್ಟು ಸಲ ಅಲೆಯಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಅವಧಿ ಠೇವಣಿಯ ಬಗ್ಗೆ ಬರೆದಿದ್ದೆ. ಅದಕ್ಕೆ ಪ್ರತಿಯಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ಠೇವಣಿಯ ಮಾತನ್ನೇ ಎತ್ತಿರಲಿಲ್ಲ. ಠೇವಣಿ ಇಡುವುದು ಆಮೇಲಿನ ಮಾತು, ಮೊದಲು ಒಂದು ಎಸ್‌ಬಿ (ಉಳಿತಾಯ) ಖಾತೆಯೇ ಆಗುತ್ತಿಲ್ಲವಲ್ಲ ಸ್ವಾಮಿ, ಎಂಬುದು ಅವುಗಳ ಒಟ್ಟು ಧಾಟಿ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಅಂಥ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಸಲ ಉತ್ತರಿಸಿದ್ದೇನೆ. ಮೂರು ದಶಕ ಕೌಂಟರಿನ ಒಳಗೆ ಕೂತು, ನಿವೃತ್ತನಾದ ಮೇಲೆ ಹೊರಗಿನ ಸಾಲಿನಲ್ಲಿ ನಿಂತವನಾದ್ದರಿಂದ ಒಂದು ಮಾತನ್ನು ಮೊದಲೇ ಹೇಳಬಲ್ಲೆ. ರಿಸರ್ವ್ ಬ್ಯಾಂಕಿನ ನಿಯಮ ಬೇರೆ, ಆಯಾ ಶಾಖೆಯ ವಾಡಿಕೆ ಬೇರೆ. ಕೌಂಟರಿನಲ್ಲಿ ಮಾತ್ರ ಎರಡನ್ನೂ ‘ರೂಲ್ಸು’ ಎಂಬ ಒಂದೇ ಹೆಸರಿನಲ್ಲಿ ಹೇಳಿಬಿಡುತ್ತಾರೆ.

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನವನು. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ವಿದ್ಯಾನಗರದಲ್ಲಿ ಇಬ್ಬರು ಗೆಳೆಯರ ಜೊತೆ ಬಾಡಿಗೆ ಕೊಠಡಿಯಲ್ಲಿ ಇದ್ದೇನೆ. ಸಂಬಳವನ್ನು ಇನ್ನು ಮುಂದೆ ಖಾತೆಗೇ ಹಾಕುವುದಾಗಿ ಮಾಲೀಕರು ಹೇಳಿದ್ದರಿಂದ ಹತ್ತಿರದ ಬ್ಯಾಂಕಿಗೆ ಹೋದೆ. ಮೊದಲ ದಿನ, ಇದೇ ಶಾಖೆಯಲ್ಲಿ ಖಾತೆ ಇರುವ ಒಬ್ಬರ ಪರಿಚಯದ ಸಹಿ ತನ್ನಿ ಎಂದರು. ತಂದ ಮೇಲೆ, ನಿಮ್ಮ ಹೆಸರಿನ ಬೆಸ್ಕಾಂ ಬಿಲ್ ಎಲ್ಲಿ ಎಂದರು. ಬಿಲ್ ಮನೆ ಮಾಲೀಕರ ಹೆಸರಿನಲ್ಲಿದೆ. ಮೂರನೆಯ ಸಲ, ಆಧಾರ್ ಜಗಳೂರಿನದು, ಅಲ್ಲಿಯ ಶಾಖೆಯಲ್ಲೇ ಮಾಡಿಸಿಕೊಳ್ಳಿ ಎಂದು ಕಳಿಸಿದರು. ಮೂರು ಅರ್ಧ ದಿನದ ಕೂಲಿ ಹೋಯಿತು. ಇದಕ್ಕೆ ದಾರಿ ಏನು?

ಉತ್ತರ: ನಿಮಗೆ ಹೇಳಿದ ಮೂರು ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ. ಬಿಡಿಬಿಡಿಯಾಗಿ ನೋಡೋಣ.

ಪರಿಚಯದ ಸಹಿ ಹಳೆಯ ಕಾಲದ್ದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಡಿಪೇಟೆಯ ಹಮಾಲರಿಗೆ ಖಾತೆ ಮಾಡಿಸಬೇಕೆಂದರೆ ಮಂಡಿ ಸಾಹುಕಾರರ ಸಹಿ ಬೇಕಿತ್ತು. ಒಬ್ಬರೇ ಸಾಹುಕಾರರು, ಅರ್ಜಿದಾರರ ಮುಖವನ್ನೂ ನೋಡದೆ, ಖಾತೆ ಪುಸ್ತಕದ ಮೇಲೆ ಅರ್ಜಿಗಳನ್ನು ಜೋಡಿಸಿಕೊಂಡು, ಒಂದು ಕೈಯಲ್ಲಿ ಫೋನಿನ ರಿಸೀವರ್ ಹಿಡಿದು ಸಾಲಾಗಿ ಹತ್ತು ಹನ್ನೆರಡು ಸಹಿ ಎಳೆದುಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಪರಿಚಯಕ್ಕೆ ಎಷ್ಟು ಬೆಲೆ ಇತ್ತೆಂದು ನೀವೇ ಊಹಿಸಿಕೊಳ್ಳಬಹುದು. ಗುರುತಿನ ದಾಖಲೆಗಳ ವ್ಯವಸ್ಥೆ ಬಂದ ಮೇಲೆ ಇದಕ್ಕೆ ಅರ್ಥ ಉಳಿಯಲಿಲ್ಲ. ಪರಿಚಯದ ಸಹಿಗಾಗಿ ಒತ್ತಾಯಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಕೆಲವು ಶಾಖೆಗಳ ಹಳೆಯ ಅರ್ಜಿ ನಮೂನೆಯಲ್ಲಿ ಆ ಖಾಲಿ ಜಾಗ ಇನ್ನೂ ಉಳಿದಿರುತ್ತದೆ; ಜಾಗ ಖಾಲಿ ಇದೆಯೆಂಬ ಒಂದೇ ಕಾರಣಕ್ಕೆ ಅದನ್ನು ತುಂಬಿಸಲು ಹೇಳುವವರೂ ಇರುತ್ತಾರೆ.

ವಿಳಾಸದ ವಿಷಯ ಇದಕ್ಕಿಂತ ಸ್ವಲ್ಪ ಸೂಕ್ಷ್ಮವಾದದ್ದು. ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು, ವಿಳಾಸಗಳ ಪರಿಶೀಲನೆ) ನಿರ್ದೇಶನದ ಪ್ರಕಾರ ಗುರುತು ಮತ್ತು ವಿಳಾಸ ಎರಡಕ್ಕೂ ಒಪ್ಪುವ ಅಧಿಕೃತ ದಾಖಲೆಗಳು ಆರು: ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಗುರುತಿನ ಚೀಟಿ, ರಾಜ್ಯ ಸರ್ಕಾರದ ಅಧಿಕಾರಿಯ ಸಹಿ ಇರುವ ಉದ್ಯೋಗ ಖಾತರಿ ಕಾರ್ಡು, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಇದರ ಜೊತೆಗೆ ಪ್ಯಾನ್ ಕೊಡಬೇಕು. ಪ್ಯಾನ್ ಇಲ್ಲದವರು ಫಾರ್ಮ್ 60 ತುಂಬಿಕೊಟ್ಟರೆ ಆಗುತ್ತದೆ. ವಿದ್ಯುತ್ ಬಿಲ್ಲು, ನೀರಿನ ಬಿಲ್ಲು, ಮನೆ ಕಂದಾಯದ ರಸೀದಿ ಇವೆಲ್ಲ ಬೇಕಾಗುವುದು ನಿಮ್ಮ ದಾಖಲೆಯಲ್ಲಿ ಹಾಲಿ ವಿಳಾಸ ಇಲ್ಲದಿದ್ದಾಗ. ಆಗಲೂ ಎರಡು ತಿಂಗಳೊಳಗಿನ ಬಿಲ್ಲನ್ನು ತಾತ್ಕಾಲಿಕವಾಗಿ ಒಪ್ಪಿ, ಹಾಲಿ ವಿಳಾಸವಿರುವ ಅಧಿಕೃತ ದಾಖಲೆಯನ್ನು ಮೂರು ತಿಂಗಳಲ್ಲಿ ತಂದುಕೊಡಲು ಅವಕಾಶವಿದೆ. ಆದರೆ ನಿಮ್ಮಂತೆ ಆಧಾರ್ ಇರುವವರಿಗೆ ಈ ಸುತ್ತುಬಳಸೂ ಬೇಡ. ಆಧಾರ್ ಸಂಖ್ಯೆ ಕೊಟ್ಟು ಇ-ಕೆವೈಸಿ ಮಾಡಿಸುವವರು, ತಾವು ಈಗ ವಾಸವಿರುವ ವಿಳಾಸ ಬೇರೆಯಾಗಿದ್ದರೆ ಅದನ್ನು ಸ್ವಯಂ ಘೋಷಣೆಯಾಗಿ ಬರೆದುಕೊಟ್ಟರೆ ಸಾಕೆಂದು ಅದೇ ನಿರ್ದೇಶನದಲ್ಲಿದೆ. ಊರಿನ ವಿಳಾಸವನ್ನು ಕಾಯಂ ವಿಳಾಸವೆಂದೂ ವಿದ್ಯಾನಗರದ ಕೊಠಡಿಯನ್ನು ಹಾಲಿ ವಿಳಾಸವೆಂದೂ ನಮೂದಿಸಿ ಸಹಿ ಮಾಡಿ. ಮನೆ ಮಾಲೀಕರ ಬೆಸ್ಕಾಂ ಬಿಲ್ಲು ಅವರ ಮನೆಯಲ್ಲೇ ಇರಲಿ.

ಇನ್ನು ಜಗಳೂರಿಗೆ ಹೋಗಿ ಎಂದದ್ದು. ಹಳ್ಳಿಗಳ ಸಾಲದ ವಿಷಯದಲ್ಲಿ ‘ಸೇವಾ ವ್ಯಾಪ್ತಿ’ ಎಂದು ಇಂತಿಂಥ ಹಳ್ಳಿ ಇಂತಿಂಥ ಶಾಖೆಗೆಂದು ಹಂಚಿಕೊಟ್ಟ ಪದ್ಧತಿಯೊಂದಿತ್ತು. ಆ ನೆನಪು ಇಂದಿಗೂ ಕೆಲವರ ತಲೆಯಲ್ಲಿ ಕೂತಿದೆ. ಉಳಿತಾಯ ಖಾತೆಗೂ ಅದಕ್ಕೂ ಸಂಬಂಧವಿಲ್ಲ. ದುಡಿಯುವ ಊರಿನಲ್ಲಿ ಖಾತೆ ಮಾಡಿಸುವುದು ನಿಮ್ಮ ಅನುಕೂಲಕ್ಕೆ ಬಿಟ್ಟದ್ದು.

ನಾಲ್ಕನೆಯ ಸಲ ಹೋದಾಗ ವಾದ ಮಾಡುವ ಗೋಜಿಗೆ ಹೋಗಬೇಡಿ. ಅರ್ಜಿಯನ್ನು ಪೂರ್ತಿ ತುಂಬಿ, ಜೆರಾಕ್ಸ್ ಪ್ರತಿಗಳ ಮೇಲೆ ಸಹಿ ಹಾಕಿ ಕೊಟ್ಟು, ಆಗುವುದಿಲ್ಲವೆಂದರೆ ಕಾರಣವನ್ನು ಇದರ ಮೇಲೆಯೇ ಬರೆದುಕೊಡಿ ಎಂದು ಕೇಳಿ. ವಿವೇಚನೆಯಿಲ್ಲದೆ ಯಾರ ಅರ್ಜಿಯನ್ನೂ ತಿರಸ್ಕರಿಸಬಾರದು, ತಿರಸ್ಕರಿಸಿದರೆ ಅಧಿಕಾರಿಯು ಕಾರಣವನ್ನು ದಾಖಲಿಸಬೇಕು ಎಂದು 2025ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ನಿರ್ದೇಶನಕ್ಕೆ ಸೇರಿಸಿದೆ. ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿದೋಷವುಳ್ಳವರು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಡಿಜಿಟಲ್ ಕೆವೈಸಿಯಲ್ಲಿ ಬಿದ್ದುಹೋಗುತ್ತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷದ ಏಪ್ರಿಲ್ 30ರಂದು ಕೊಟ್ಟ ತೀರ್ಪಿನ ನಂತರ ಬಂದ ತಿದ್ದುಪಡಿ ಇದು. ಬಾಯಿಮಾತಿನಲ್ಲಿ ‘ಆಗಲ್ಲ’ ಎನ್ನುವುದು ಸುಲಭ. ಅದನ್ನೇ ಬರೆದು ಸಹಿ ಹಾಕಿ ಎಂದಾಗ ನಿಯಮದ ಪುಸ್ತಕವನ್ನು ಒಮ್ಮೆ ತಿರುವಿ ನೋಡುವ ಮನಸ್ಸಾಗುತ್ತದೆ.

ಶಾಖೆಯವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಗದು, ಚಿನ್ನದ ಸಾಲ, ಪಿಂಚಣಿ ಎಲ್ಲವನ್ನೂ ಮೂರು ನಾಲ್ಕು ಜನ ನೋಡಿಕೊಳ್ಳುವ ಕಡೆ ಹೊಸ ಖಾತೆಯೆಂದರೆ ಅರ್ಧ ಗಂಟೆಯ ಕೆಲಸ. ಸೋಮವಾರ ಬೆಳಿಗ್ಗೆಯೂ ತಿಂಗಳ ಮೊದಲ ವಾರವೂ ಬಿಟ್ಟು, ಮಧ್ಯಾಹ್ನ ಊಟದ ಹೊತ್ತಿನ ನಂತರ ಹೋಗಿ ನೋಡಿ.

ಪ್ರಶ್ನೆ: ಚಿತ್ರದುರ್ಗದ ಗೃಹಿಣಿ ನಾನು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಬಿ.ಡಿ. ರಸ್ತೆಯ ಕಡೆಯ ಒಂದು ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದಾಗ ಹತ್ತು ಸಾವಿರ ರೂಪಾಯಿ ಯಾವಾಗಲೂ ಇರಲೇಬೇಕೆಂದರು. ಅಷ್ಟಾಗದು ಎಂದಾಗ, ವಿಮೆ ಪಾಲಿಸಿಯೊಂದನ್ನು ಮಾಡಿಸಿದರೆ ‘ಮ್ಯಾನೇಜ್ ಮಾಡೋಣ’ ಎಂದು ವರ್ಷಕ್ಕೆ ಹನ್ನೆರಡು ಸಾವಿರ ಕಂತಿನ ಪಾಲಿಸಿಗೆ ಸಹಿ ಮಾಡಿಸಿಕೊಂಡರು. ಪಾಲಿಸಿ ಬಂದು ಹತ್ತು ದಿನವಾಯಿತು. ಯಜಮಾನರಿಗೆ ಇನ್ನೂ ಹೇಳಿಲ್ಲ.

ಉತ್ತರ: ಮೊದಲು ತುರ್ತಿನದು. ಜೀವ ವಿಮೆ ಪಾಲಿಸಿ ಕೈಗೆ ಬಂದ ದಿನದಿಂದ 30 ದಿನಗಳ ಒಳಗೆ, ಷರತ್ತುಗಳು ಒಪ್ಪಿಗೆಯಾಗಲಿಲ್ಲವೆಂದು ಬರೆದು ಹಿಂದಿರುಗಿಸುವ ಹಕ್ಕು ನಿಮಗಿದೆ. ಸ್ಟಾಂಪ್ ಶುಲ್ಕ, ವೈದ್ಯಕೀಯ ಪರೀಕ್ಷೆ ನಡೆದಿದ್ದರೆ ಅದರ ಖರ್ಚು ಮತ್ತು ಕಳೆದ ದಿನಗಳ ವಿಮಾ ವೆಚ್ಚ ಇಷ್ಟನ್ನು ಮುರಿದುಕೊಂಡು ಉಳಿದ ಹಣ ವಾಪಸ್ ಬರುತ್ತದೆ. ಪತ್ರವನ್ನು ಬ್ಯಾಂಕಿಗಲ್ಲ, ಪಾಲಿಸಿಯ ಮೇಲೆ ಹೆಸರಿರುವ ವಿಮಾ ಕಂಪನಿಗೆ ಬರೆಯಿರಿ. ಬ್ಯಾಂಕಿಗೊಂದು ಪ್ರತಿ ಕೊಡಿ. ಪಾಲಿಸಿ ಕೈ ಸೇರಿದ ದಿನಾಂಕಕ್ಕೆ ಸಾಕ್ಷಿಯಾಗಿ ಅಂಚೆ ಲಕೋಟೆಯನ್ನು ಎಸೆಯಬೇಡಿ. ಇಮೇಲಿನಲ್ಲಿ ಬಂದಿದ್ದರೆ ಆ ಇಮೇಲನ್ನು ಅಳಿಸಬೇಡಿ. ಇಂದು ನಾಳೆ ಎನ್ನದೆ ಈ ವಾರದಲ್ಲೇ ಕಳಿಸಿ. ಯಜಮಾನರಿಗೂ ಹೇಳಿಬಿಡಿ, ಹಣ ಖಾತೆಗೆ ವಾಪಸ್ ಬಂದಾಗ ಹೇಗೂ ಗೊತ್ತಾಗುತ್ತದೆ.

ಉಳಿತಾಯ ಖಾತೆಗೆ ವಿಮೆಯನ್ನು ಗಂಟುಹಾಕುವ ಅಧಿಕಾರ ಯಾವ ಬ್ಯಾಂಕಿಗೂ ಇಲ್ಲ. ಸರ್ಕಾರದ ಜೀವನ ಜ್ಯೋತಿ ವಿಮೆಯ ವರ್ಷದ 436 ರೂಪಾಯಿ, ಸುರಕ್ಷಾ ವಿಮೆಯ 20 ರೂಪಾಯಿ ಕೂಡ ನಿಮ್ಮ ಒಪ್ಪಿಗೆಯಿಂದಲೇ ಕಡಿತವಾಗಬೇಕಾದವು. ಅವು ನಿಜಕ್ಕೂ ಅಗ್ಗದ, ಉಪಯೋಗದ ವಿಮೆಗಳು, ಬೇಕೆಂದರೆ ಮಾಡಿಸಿ. ಅರ್ಜಿಯ ಕಡೆಯ ಪುಟದಲ್ಲಿ ಪೆನ್ಸಿಲಿನಿಂದ ಇಂಟು ಗುರುತು ಹಾಕಿ ‘ಇಲ್ಲೆಲ್ಲ ಸಹಿ ಮಾಡಿ’ ಎಂದಾಗ, ಯಾವ ಗುರುತು ಯಾವುದಕ್ಕೆಂದು ಕೇಳಿಯೇ ಸಹಿ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಹತ್ತು ಸಾವಿರದ ಮಾತಿಗೆ ಬರೋಣ. ಕನಿಷ್ಠ ಶಿಲ್ಕು ಎಷ್ಟಿರಬೇಕೆಂಬುದನ್ನು ಆಯಾ ಬ್ಯಾಂಕೇ ನಿರ್ಧರಿಸುತ್ತದೆ, ಆದ್ದರಿಂದ ಆ ಬ್ಯಾಂಕು ಹೇಳಿದ್ದು ಸುಳ್ಳೆನ್ನಲಾಗದು. ಆದರೆ ನಿಮಗೆ ಹೇಳದೆ ಬಿಟ್ಟದ್ದೊಂದಿದೆ. ಮೂಲ ಉಳಿತಾಯ ಖಾತೆ ಎಂಬುದನ್ನು ಎಲ್ಲ ಬ್ಯಾಂಕುಗಳೂ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2012ರ ಆಗಸ್ಟ್‌ನಿಂದ ವಿಧಿಸಿದೆ. ಅದಕ್ಕೆ ಕನಿಷ್ಠ ಶಿಲ್ಕೇ ಇಲ್ಲ. ಎಷ್ಟು ಸಲ ಬೇಕಾದರೂ ಹಣ ಕಟ್ಟಬಹುದು, ತಿಂಗಳಿಗೆ ಕನಿಷ್ಠ ನಾಲ್ಕು ಸಲ ತೆಗೆಯಬಹುದು, ಎಟಿಎಂ ಕಾರ್ಡಿಗೆ ಶುಲ್ಕವಿಲ್ಲ. ಬಡವರಿಗೆ ಮಾತ್ರ ಎಂಬ ಷರತ್ತೂ ಇಲ್ಲ. ಕೇಳಿದವರಿಗೆಲ್ಲ ಕೊಡಬೇಕಾದ ಸೇವೆ. ಮುಖ್ಯ ನಿರ್ಬಂಧವೆಂದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಕೂಡದು. 2014ರ ಆಗಸ್ಟ್ 28ರಂದು ಶುರುವಾದ ಜನಧನ ಖಾತೆಯೂ ಶೂನ್ಯ ಶಿಲ್ಕಿನದೇ. ‘ಜೀರೋ ಬ್ಯಾಲೆನ್ಸ್ ಇಲ್ಲ, ಆ ಸ್ಕೀಮು ಮುಗೀತು’ ಎಂಬ ಉತ್ತರ ಬಂದರೆ, ‘ಬೇಸಿಕ್ ಸೇವಿಂಗ್ಸ್’ ಖಾತೆ ಬೇಕು ಎಂದು ಆ ಹೆಸರನ್ನೇ ಹಿಡಿದು ಕೇಳಿ. ಹೆಸರು ಗೊತ್ತಿಲ್ಲದೆ ಕೇಳಿದವರಿಗೆ ಸಿಗದ ಖಾತೆ ಅದು.

ಇದೂ ಬೇಡವೆಂದರೆ, ಸ್ಟೇಟ್ ಬ್ಯಾಂಕ್ 2020ರಲ್ಲಿಯೂ ಕೆನರಾ ಬ್ಯಾಂಕ್ 2025ರ ಜೂನ್‌ನಿಂದಲೂ ಉಳಿತಾಯ ಖಾತೆಗಳಿಗೆ ಕನಿಷ್ಠ ಶಿಲ್ಕಿನ ದಂಡವನ್ನು ಕೈಬಿಟ್ಟಿವೆ. ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕಾಗಬಹುದು, ಅಷ್ಟೆ. ದಂಡ ಹಾಕುವ ಬ್ಯಾಂಕುಗಳು ಕೂಡ ಶಿಲ್ಕು ಕಡಿಮೆಯಾದದ್ದನ್ನು ಮೊದಲು ತಿಳಿಸಿ, ಸರಿಪಡಿಸಲು ಒಂದು ತಿಂಗಳು ಕೊಟ್ಟು, ಆಮೇಲೆ ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಮಾತ್ರ ಹಾಕಬೇಕು. ಆ ದಂಡದಿಂದಲೇ ಖಾತೆ ಮೈನಸ್ಸಿಗೆ ಇಳಿಯುವಂತಿಲ್ಲ.

ಪ್ರಶ್ನೆ: ಹೊಸದುರ್ಗ ತಾಲ್ಲೂಕಿನ ರೈತ. ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಇದೆ, ಪ್ಯಾನಿನಲ್ಲಿ ತಂದೆಯ ಹೆಸರು ಪೂರ್ತಿ ಸೇರಿದೆ, ಪಹಣಿಯಲ್ಲಿ ಊರಿನ ಹೆಸರೂ ಇದೆ. ‘ನೀವು ಮೂರು ಜನ ಆಗಿದ್ದೀರಿ’ ಎಂದು ಬ್ಯಾಂಕಿನಲ್ಲಿ ನಕ್ಕು ಕಳಿಸಿದರು.

ಉತ್ತರ: ನಗುವಂಥದ್ದು ಇದರಲ್ಲಿ ಏನಿದೆಯೋ ತಿಳಿಯದು. ನಮ್ಮ ಕಡೆ ಹೆಸರಿಡುವ ಕ್ರಮವೇ ಹಾಗೆ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಚೌಕಗಳಿಗೆ ನಮ್ಮ ಹೆಸರುಗಳು ಹೊಂದುವುದಿಲ್ಲ. ನಮ್ಮ ಸೀಮೆಯ ‘ತಿಪ್ಪೇಸ್ವಾಮಿ’ಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆದರೆ ಒಂದೇ ರೂಪ. ಇಂಗ್ಲಿಷಿಗೆ ಹೋದ ಕೂಡಲೇ ‘ತಿ’ಗೆ ಒಬ್ಬರು ‘ಎಚ್’ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ, ‘ಪ್ಪೇ’ಗೆ ಒಂದು ‘ಇ’ಯೋ ಎರಡೋ, ‘ಸ್ವಾ’ಗೆ ‘ವಿ’ಯೋ ‘ಡಬ್ಲ್ಯೂ’ವೋ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು.

ಪಹಣಿಯನ್ನು ಬಿಡಿ, ಉಳಿತಾಯ ಖಾತೆಗೆ ಅದು ಬೇಕಿಲ್ಲ. ಮುಂದೆ ಬೆಳೆ ಸಾಲಕ್ಕೆ ಹೋದಾಗ ನೋಡಿಕೊಳ್ಳಬಹುದು. ಆಧಾರ್ ಮತ್ತು ಪ್ಯಾನ್ ಎರಡನ್ನು ಒಂದೇ ರೂಪಕ್ಕೆ ತನ್ನಿ. ಯಾವುದನ್ನು ತಿದ್ದಿಸುವುದೆಂದರೆ, ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಲು ಸಾಧ್ಯವಿರುವುದರಿಂದ, ಆಧಾರ್‌ನ ಹೆಸರು ಹಾಗೇ ಇರಲೆಂದು ಬಿಟ್ಟು ಪ್ಯಾನನ್ನು ಅದಕ್ಕೆ ಹೊಂದಿಸುವುದು ಮೇಲು. ಖಾತೆ ತುರ್ತಾಗಿ ಬೇಕಿದ್ದರೆ ಮತದಾರರ ಚೀಟಿ ಒಮ್ಮೆ ತೆಗೆದು ನೋಡಿ; ಎಷ್ಟೋ ಸಲ ಪ್ಯಾನಿನ ಹೆಸರಿಗೆ ಅದೇ ಸರಿಯಾಗಿ ಕೂರುತ್ತದೆ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳ ವಿಷಯದಲ್ಲಿ ಹಳೆಯ ಹೆಸರಿನ ದಾಖಲೆಯ ಜೊತೆಗೆ ಸರ್ಕಾರ ಕೊಟ್ಟ ವಿವಾಹ ನೋಂದಣಿ ಪತ್ರವಿಟ್ಟರೆ ಒಪ್ಪಬೇಕೆಂದು ನಿಯಮವೇ ಇದೆ.

ಪ್ರಶ್ನೆ: ಚನ್ನಗಿರಿಯಿಂದ ಬರೆಯುತ್ತಿದ್ದೇನೆ. ನಮ್ಮ ಅಜ್ಜಿಗೆ ಎಪ್ಪತ್ತನಾಲ್ಕು ವರ್ಷ. ವೃದ್ಧಾಪ್ಯ ವೇತನ ಜಮೆಯಾಗಲು ಬ್ಯಾಂಕಿನಲ್ಲಿ ಖಾತೆ ಮಾಡಿಸಲು ಹೋದರೆ ಯಂತ್ರದಲ್ಲಿ ಬೆರಳಚ್ಚು ಹಿಡಿಯುವುದಿಲ್ಲ. ಜೀವಮಾನವೆಲ್ಲ ಅಡಿಕೆ ಸುಲಿದ ಕೈ. ಹತ್ತು ಬೆರಳೂ ಇಟ್ಟು ನೋಡಿ, ‘ಆಧಾರ್ ಸೆಂಟರಿಗೆ ಹೋಗಿ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ’ ಎಂದರು. ಅಲ್ಲಿಯೂ ಬೆರಳು ಹಿಡಿಯಲಿಲ್ಲ.

ಉತ್ತರ: ಅಡಿಕೆ ಸುಲಿಯುವ ಕೈಗಳನ್ನು ಹತ್ತಿರದಿಂದ ನೋಡಿದವರಿಗೆ ಇದು ಆಶ್ಚರ್ಯವಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ವರ್ಷಗಟ್ಟಲೆ ಸಿಪ್ಪೆ ಬಿಡಿಸಿದ ಹೆಬ್ಬೆರಳಿನಲ್ಲಿ ಚೊಗರು ಕಪ್ಪಾಗಿ ಇಳಿದಿರುತ್ತದೆ, ಗೆರೆಗಳು ನುಣ್ಣಗಾಗಿರುತ್ತವೆ. ಎಣ್ಣೆ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿಸುವ ಪ್ರಯೋಗಗಳನ್ನು ನಾವೂ ಮಾಡಿದ್ದೆವು, ಒಮ್ಮೊಮ್ಮೆ ಹಿಡಿಯುತ್ತಿತ್ತು.

ಬೆರಳಚ್ಚು ಹಿಡಿಯದಿದ್ದರೆ ಖಾತೆಯೇ ಇಲ್ಲ ಎಂಬುದು ತಪ್ಪು. ಸರ್ಕಾರದ ಸೌಲಭ್ಯ ಪಡೆಯಲು ಖಾತೆ ತೆರೆಯುವವರಿಗೆ ಗಾಯ, ಕಾಯಿಲೆ, ಮುಪ್ಪಿನ ಕಾರಣದಿಂದ ಆಧಾರ್ ದೃಢೀಕರಣ ಸಾಧ್ಯವಾಗದಿದ್ದಾಗ, ಬ್ಯಾಂಕು ಆಧಾರ್‌ನ ಆಫ್‌ಲೈನ್ ಪರಿಶೀಲನೆ ಮಾಡಿಕೊಳ್ಳಬೇಕು, ಅಥವಾ ಬೇರೊಂದು ಅಧಿಕೃತ ದಾಖಲೆಯ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ದೃಢೀಕರಿಸಿ ಪಡೆಯಬೇಕು. ಇದೂ ಕೆವೈಸಿ ನಿರ್ದೇಶನದಲ್ಲೇ ಇರುವ ಮಾತು. ಆಫ್‌ಲೈನ್ ಪರಿಶೀಲನೆ ಎಂದರೆ ಆಧಾರ್ ಪತ್ರದ ಮೇಲಿನ ಕ್ಯೂಆರ್ ಕೋಡನ್ನು ಓದಿಸುವುದು, ಬೆರಳು ಬೇಕಿಲ್ಲ. ಅಜ್ಜಿಯ ಮತದಾರರ ಚೀಟಿಯೂ ಜೊತೆಗಿರಲಿ. ನಮ್ಮ ಹಿರಿಯರು ಬೇರೆ ಯಾವ ಕಾಗದ ಕಳೆದರೂ ಅದನ್ನು ಮಾತ್ರ ಜೋಪಾನವಾಗಿ ಇಟ್ಟಿರುತ್ತಾರೆ. ಸಹಿಯ ಜಾಗದಲ್ಲಿ ಅಧಿಕಾರಿಯ ಎದುರಿನಲ್ಲಿ ಹೆಬ್ಬೆಟ್ಟು ಒತ್ತಿದರಾಯಿತು. ಕಾಗದದ ಮೇಲಿನ ಮಸಿಗೆ ಯಂತ್ರದಷ್ಟು ಹಟವಿಲ್ಲ.

ಎಪ್ಪತ್ತು ದಾಟಿದವರಿಗೆ ಕೆವೈಸಿ ಕಾಗದ ಪಡೆಯುವುದೂ ಸೇರಿದಂತೆ ಮುಖ್ಯ ಸೇವೆಗಳನ್ನು ಮನೆ ಬಾಗಿಲಿಗೇ ಒದಗಿಸುವ ಪ್ರಯತ್ನ ಮಾಡಬೇಕೆಂದು 2017ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಎಲ್ಲ ಶಾಖೆಗಳಲ್ಲೂ ಇದು ನಡೆಯುತ್ತಿದೆ ಎಂದು ನಾನು ಹೇಳಲಾರೆ. ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಮೂರನೆಯ ಸಲ ಹೋಗುವ ಮೊದಲು, ನೀವೊಬ್ಬರೇ ಹೋಗಿ ವ್ಯವಸ್ಥಾಪಕರನ್ನು ಕಂಡು ಇದನ್ನು ಕೇಳಿಕೊಂಡು ಬನ್ನಿ.

ಪ್ರಶ್ನೆ: ಮಗನಿಗೆ ಹನ್ನೆರಡು ವರ್ಷ. ಅವನ ಹೆಸರಿನಲ್ಲಿ ಅವನೇ ನಡೆಸುವಂಥ ಖಾತೆ ಆಗುತ್ತದೆಯೇ? – ಚಳ್ಳಕೆರೆ

ಉತ್ತರ: ಆಗುತ್ತದೆ. ಹತ್ತು ವರ್ಷ ತುಂಬಿದವರು ಸ್ವತಂತ್ರವಾಗಿ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು. 2025ರ ಏಪ್ರಿಲ್‌ನಲ್ಲಿ ಇದರ ನಿಯಮಗಳನ್ನು ಪರಿಷ್ಕರಿಸಲಾಗಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡು ಕೊಡುವುದೋ ಇಲ್ಲವೋ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಮೈನಸ್ ಶಿಲ್ಕಿಗೆ ಮಾತ್ರ ಅವಕಾಶವಿಲ್ಲ. ಹದಿನೆಂಟು ತುಂಬಿದಾಗ ಹೊಸದಾಗಿ ಸಹಿಯ ಮಾದರಿ ಕೊಡಬೇಕು.

ಪ್ರಶ್ನೆ: ಹರಿಹರದಲ್ಲಿದ್ದೇನೆ. ಮನೆಯ ಹತ್ತಿರವೆಂದು ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದೆ. ಆ ತಿಂಗಳಿಂದ ಹಳೆಯ ಖಾತೆಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುವುದು ನಿಂತಿದೆ. ಹಣ ರದ್ದಾಯಿತೇ?

ಉತ್ತರ: ರದ್ದಾಗಿರುವ ಸಾಧ್ಯತೆ ಕಡಿಮೆ, ಹೊಸ ಖಾತೆಯ ಪಾಸ್‌ಬುಕ್ಕನ್ನು ಮೊದಲು ಎಂಟ್ರಿ ಹಾಕಿಸಿ ನೋಡಿ. ಸರ್ಕಾರದ ಹಣ ನೀವು ಬರೆದುಕೊಟ್ಟ ಖಾತೆ ಸಂಖ್ಯೆಯನ್ನು ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆಯನ್ನು ಹಿಡಿದು ಬರುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ಪಟ್ಟಿ ಬ್ಯಾಂಕುಗಳ ನಡುವಿನ ಹಣ ಪಾವತಿಯನ್ನು ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯಲ್ಲಿರುತ್ತದೆ. ಅಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕಿಗೆ ಜಾಗ. ಕೊನೆಯಲ್ಲಿ ಜೋಡಿಸಿದ್ದೇ ಉಳಿಯುತ್ತದೆ. ಖಾತೆ ತೆರೆಯುವ ಅರ್ಜಿಯಲ್ಲಿ ಸಣ್ಣ ಅಕ್ಷರದಲ್ಲಿ, ಸರ್ಕಾರಿ ಸೌಲಭ್ಯದ ಹಣವನ್ನು ಈ ಖಾತೆಗೆ ಪಡೆಯಲು ಒಪ್ಪಿಗೆ ಎಂಬ ಸಾಲಿನ ಪಕ್ಕದ ಚೌಕದಲ್ಲಿ ಟಿಕ್ ಬಿದ್ದಿರುತ್ತದೆ. ನೀವು ಹಾಕಿರದಿದ್ದರೆ ಅರ್ಜಿ ತುಂಬಿಕೊಟ್ಟವರು ಹಾಕಿರುತ್ತಾರೆ.

ಹೊಸ ಖಾತೆಗೇ ಬರಲೆಂದರೆ ಏನೂ ಮಾಡಬೇಕಿಲ್ಲ. ಹಳೆಯದಕ್ಕೇ ಬೇಕೆಂದರೆ ಹಳೆಯ ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್’ ಮಾಡಿಕೊಡಿ ಎಂದು ಅರ್ಜಿ ಕೊಡಿ. ಆಧಾರ್ ಲಿಂಕ್ ಎಂದಷ್ಟೇ ಕೇಳಿದರೆ ‘ಆಗಲೇ ಆಗಿದೆ’ ಎಂಬ ಉತ್ತರ ಬರುತ್ತದೆ, ಅದೂ ನಿಜವೇ. ಖಾತೆಗೆ ಆಧಾರ್ ಸೇರಿಸುವುದು ಬೇರೆ, ಆ ಪಟ್ಟಿಯಲ್ಲಿ ಬ್ಯಾಂಕನ್ನು ಜೋಡಿಸುವ ಮ್ಯಾಪಿಂಗ್ ಬೇರೆ. ಈಗ ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಮೈಆಧಾರ್ ಜಾಲತಾಣದಲ್ಲಿ ನೋಡಬಹುದು. ಯಾವ ಕಂತು ಯಾವ ಖಾತೆಗೆ ಹೋಯಿತೆಂಬುದು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಸಿಗುತ್ತದೆ. ಕಾಲೇಜು ಮಕ್ಕಳ ವಿದ್ಯಾರ್ಥಿವೇತನವೂ ಹೀಗೆಯೇ ದಾರಿ ತಪ್ಪುವುದುಂಟು.

ಪ್ರಶ್ನೆ: ನನ್ನ ಬಳಿ ಚಿತ್ರದುರ್ಗ ಗ್ರಾಮೀಣ ಬ್ಯಾಂಕಿನ ಹಳೆಯ ಪಾಸ್‌ಬುಕ್ ಇದೆ. 2004ರ ನಂತರ ವ್ಯವಹಾರ ಮಾಡಿಲ್ಲ, ಕೊನೆಯ ಸಾಲಿನಲ್ಲಿ 3,260 ರೂಪಾಯಿ ಇದೆ. ಶಾಖೆಯಲ್ಲಿ ‘ಈ ನಂಬರೇ ಇಲ್ಲ, ಹೊಸ ಖಾತೆ ಮಾಡಿಸಿ’ ಎನ್ನುತ್ತಾರೆ. – ಹಿರಿಯೂರು

ಉತ್ತರ: ನಿಮ್ಮ ಪಾಸ್‌ಬುಕ್ಕಿನ ಬ್ಯಾಂಕು ನಾಲ್ಕು ಸಲ ವಿಲೀನವಾಗಿದೆ. 2005ರಲ್ಲಿ ತುಂಗಭದ್ರಾ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳೊಂದಿಗೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. 2013ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕನ್ನು ಕೂಡಿಕೊಂಡು ಪ್ರಗತಿ ಕೃಷ್ಣ. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ, ಬಳ್ಳಾರಿ ಕೇಂದ್ರವಾಗಿ ಈಗಿನ ಕರ್ನಾಟಕ ಗ್ರಾಮೀಣ ಬ್ಯಾಂಕ್. ಲೆಡ್ಜರಿನ ಕಾಲದ ನಾಲ್ಕಂಕಿಯ ಸಂಖ್ಯೆ ಇಂದಿನ ಕಂಪ್ಯೂಟರಿನಲ್ಲಿ ಹಾಗೇ ಸಿಗದಿರುವುದು ಸಹಜ. ಹೆಸರು, ತಂದೆಯ ಹೆಸರು, ಊರು ಇವನ್ನು ಹಿಡಿದು ಹುಡುಕಬೇಕು.

ಎರಡು ವರ್ಷ ಗ್ರಾಹಕರ ಕಡೆಯಿಂದ ವ್ಯವಹಾರ ನಡೆಯದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದೆ ಉಳಿದ ಹಣವನ್ನು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸುತ್ತಾರೆ. ಹಾಗೆ ಹೋದದ್ದು ನಿಮ್ಮ ಕೈತಪ್ಪಿ ಹೋದಂತಲ್ಲ. ಬ್ಯಾಂಕಿನಲ್ಲೇ ಅರ್ಜಿ ಕೊಟ್ಟು, ಕೆವೈಸಿ ದಾಖಲೆ ಒದಗಿಸಿದರೆ ಬ್ಯಾಂಕು ನಿಮಗೆ ಕೊಟ್ಟು, ಆಮೇಲೆ ನಿಧಿಯಿಂದ ವಸೂಲಿ ಮಾಡಿಕೊಳ್ಳುತ್ತದೆ. ನಿಷ್ಕ್ರಿಯ ಖಾತೆಯನ್ನು ಮತ್ತೆ ಚಾಲ್ತಿಗೆ ತರಲು ಶುಲ್ಕ ಕೇಳುವಂತಿಲ್ಲ. ಹೊಸ ಖಾತೆ ಮಾಡಿಸಲು ಅಡ್ಡಿಯಿಲ್ಲ, ಆದರೆ ಹಳೆಯ ಹಣದ ಅರ್ಜಿಯನ್ನು ಅದೇ ದಿನ ಕೊಡಿ. ಪಾಸ್‌ಬುಕ್ಕಿನ ಮೂಲವನ್ನು ಮಾತ್ರ ಯಾರ ಕೈಗೂ ಬಿಟ್ಟುಬರಬೇಡಿ. ಜೆರಾಕ್ಸ್ ಕೊಟ್ಟು ಮೂಲವನ್ನು ತೋರಿಸಿದರೆ ಸಾಕು.

ಪ್ರಶ್ನೆ: ನಮ್ಮ ಹೋಬಳಿಗೆ ಇರುವುದು ಒಂದೇ ಶಾಖೆ. ಹೆಂಡತಿಯ ಖಾತೆಗೆಂದು ಎರಡು ತಿಂಗಳಿಂದ ಅಲೆಸುತ್ತಿದ್ದಾರೆ. ದೂರು ಕೊಟ್ಟರೆ ನಾಳೆ ಬೆಳೆ ಸಾಲದ ನವೀಕರಣಕ್ಕೆ ಕೊಕ್ಕೆ ಹಾಕಿದರೆ ಗತಿಯೇನು? – ಹೊನ್ನಾಳಿ ತಾಲ್ಲೂಕು

ಉತ್ತರ: ನಿಮ್ಮ ಅಂಜಿಕೆ ಸುಳ್ಳಲ್ಲ. ಊರಿಗೊಂದೇ ಶಾಖೆ ಇರುವಲ್ಲಿ ವ್ಯವಸ್ಥಾಪಕರೊಂದಿಗೆ ಹಗೆ ಕಟ್ಟಿಕೊಂಡು ಬದುಕುವುದು ಕಷ್ಟವೆಂದು ನನಗೂ ಗೊತ್ತು. ಹಾಗಾಗಿ ಮೊದಲು ಕೊಡುವುದು ದೂರಲ್ಲ, ಅರ್ಜಿ. ಇಂತಿಂಥ ದಿನ ಬಂದಿದ್ದೆವು, ಇಂತಿಂಥ ದಾಖಲೆ ಕೊಟ್ಟಿದ್ದೇವೆ, ಖಾತೆ ತೆರೆದುಕೊಡಬೇಕಾಗಿ ವಿನಂತಿ ಎಂದು ಪತ್ನಿಯವರ ಸಹಿಯಲ್ಲಿ ಒಂದೇ ಪುಟ, ಕನ್ನಡದಲ್ಲಿ ಬರೆಯಿರಿ. ಅದಕ್ಕೂ ಜಗ್ಗದಿದ್ದರೆ ಅದೇ ಪತ್ರವನ್ನು ಬ್ಯಾಂಕಿನ ಪ್ರಾದೇಶಿಕ ಕಚೇರಿಗೂ, ಪ್ರತಿಯನ್ನು ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ, ದಾವಣಗೆರೆಯಲ್ಲಿರುವ ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಕಳಿಸಿ. ಬಹಳಷ್ಟು ಪ್ರಕರಣಗಳು ಇಲ್ಲಿಗೇ ಬಗೆಹರಿಯುವುದನ್ನು ಕಂಡಿದ್ದೇನೆ, ಏಕೆಂದರೆ ಮೇಲಿನಿಂದ ಒಂದು ಫೋನು ಬಂದರೆ ಸಾಕಾಗಿರುತ್ತದೆ.

ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಜಾಲತಾಣದಲ್ಲಿ ಸಲ್ಲಿಸಬಹುದು, ಅಂಚೆಯಲ್ಲೂ ಕಳಿಸಬಹುದು. ಹೇಗೆಂದು ತಿಳಿಯದಿದ್ದರೆ 14448ಕ್ಕೆ ಕರೆ ಮಾಡಿ ಕೇಳಬಹುದು. ಬ್ಯಾಂಕಿಗೆ ಹೋಗದೆ ನೇರವಾಗಿ ಅಲ್ಲಿಗೆ ಕೊಟ್ಟ ದೂರನ್ನು ಮಾತ್ರ ಪರಿಗಣಿಸುವುದಿಲ್ಲ.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಹೋಬಳಿಯ ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಪತ್ನಿಯವರ ಹೆಸರಿನಲ್ಲಿ ಉಳಿತಾಯ ಖಾತೆ ಆಗುತ್ತದೆ, ಶೇ 4ರ ಬಡ್ಡಿಯೂ ಇದೆ. ಬ್ಯಾಂಕಿಗೆ ಅರ್ಜಿಯನ್ನಾಗಲಿ ದೂರನ್ನಾಗಲಿ ಕೊಡುವಾಗ ಎರಡು ಪ್ರತಿ ಒಯ್ಯಿರಿ; ಒಂದರ ಮೇಲೆ ಶಾಖೆಯ ಮೊಹರು, ದಿನಾಂಕ, ಪಡೆದವರ ಸಹಿ ಹಾಕಿಸಿಕೊಂಡು ಬನ್ನಿ. ಮೊಹರು ಹಾಕಲು ಒಲ್ಲೆನೆಂದರೆ ಅದೇ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಪಾಸ್‌ಬುಕ್ಕಿನ ಒಳಗಿಟ್ಟುಕೊಳ್ಳಿ. ಮೂವತ್ತು ದಿನದ ಲೆಕ್ಕ ಕೇಳಿದಾಗ ತೋರಿಸಬೇಕಾದದ್ದು ಅದನ್ನೇ.